ಜೂನ್ ಮೂವತ್ತೊಂದರ ಸುದ್ದಿ

ನಾನು ಒಂದು ದೋಷದ ಸಂದೇಶ. ಕಂಪ್ಯೂಟರಿನ ಕೆಲಸ ನಡುವೆ ನಿಂತರೆ, ಏಕೆ ನಿಂತಿತೆಂದು ಹೇಳುವುದಕ್ಕಾಗಿ ಹುಟ್ಟುತ್ತೇನೆ.

ಹುಟ್ಟಿದ್ದು ಗದಗಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಅಂದು ನೀಲವ್ವ ಎಂಬಾಕೆಯ ಮಗಳಿಗೆ ಆಪರೇಷನ್. ಹೆಸರು ನೋಂದಣಿಯಾಗದೆ ರಕ್ತ ಸಿಗುವಂತಿರಲಿಲ್ಲ. ಮಗಳು ಹುಟ್ಟಿದ್ದು ಯಾವಾಗ ಎಂದು ಚೀಟಿ ಬರೆಯುವವರು ಕೇಳಿದರು. "ಕಾರಹುಣ್ಣಿಮಿ ಮುಗಿದ ಮ್ಯಾಲ್ರಿ, ಜೂನ್ ಕಡೀಕ" ಎಂದಳು ನೀಲವ್ವ. ತಿಂಗಳ ಕಡೆ ಎಂದರೆ ಮೂವತ್ತೊಂದು ಎಂದುಕೊಂಡು ಅವರು ಹಾಗೇ ಬರೆದರು. ಲ್ಯಾಬಿನ ಮುಮ್ತಾಜ್ ಅದನ್ನೇ ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದರು.

ತಾರೀಖು ನೋಡುವ ಪುಟ್ಟ ಪ್ರೋಗ್ರಾಮಿನೊಳಗೆ ನಾನು ಹುಟ್ಟಿದೆ. "ಹುಟ್ಟಿದ ದಿನ ತಪ್ಪು. ಜೂನ್‌ನಲ್ಲಿ ಮೂವತ್ತೇ ದಿನ." ನನಗಿದ್ದದ್ದು ಇಷ್ಟೇ ಮಾತು. ಅದಕ್ಕೆ ಕೆಲಸ ಒಪ್ಪಿಸಿದ್ದ ಮೇಲಿನ ಪ್ರೋಗ್ರಾಮು ನನ್ನನ್ನು ಹಿಡಿದು ಎಸೆಯಿತು. ನನ್ನ ಬದಲು "ನೋಂದಣಿ ಆಗಲಿಲ್ಲ" ಎಂಬ ಹೊಸ ಸಂದೇಶವನ್ನು ಕಳಿಸಿತು. ಅದರ ಮೇಲಿನದು ಅದನ್ನೂ ಎಸೆಯಿತು. ಪರದೆಗೆ ತಲುಪಿದ್ದು, "ಏನೋ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ."

ಮುಮ್ತಾಜ್ ನಾಲ್ಕು ಸಲ ಪ್ರಯತ್ನಿಸಿದರು. ನಾಲ್ಕು ಸಲವೂ ನಾನು ಹುಟ್ಟಿ, ಹೇಳಲಾಗದೆ ಸತ್ತೆ. ನೀಲವ್ವ ಬಾಗಿಲ ಬಳಿಯಿಂದ ಕದಲಲಿಲ್ಲ.

ಕೊನೆಗೆ ಮುಮ್ತಾಜ್ ಹುಬ್ಬಳ್ಳಿಗೆ ಫೋನ್ ಮಾಡಿದರು. ಈ ಪ್ರೋಗ್ರಾಮು ಬರೆದ ವಾರಿಜಾ ಅಲ್ಲಿರುತ್ತಾಳೆ.

"ಅಕ್ಕಾರ, ಪರದಿ ಮ್ಯಾಲೆ ಏನ್ ಬಂದೈತಿ ಓದ್ರಿ."

"ಏನೋ ತಪ್ಪಾಗಿದೆ ಅಂತೈತವಾ. ತಪ್ಪಾಗೈತಿ ಅಂತನ ನಿನಗ ಫೋನ್ ಹಚ್ಚೀನಿ."

ವಾರಿಜಾ ತಾನೇ ಎರಡು ವರ್ಷದ ಹಿಂದೆ ಬರೆದಿದ್ದನ್ನು ತೆರೆದು ನೋಡಿದಳು. ಜನ ಗಾಬರಿಯಾಗಬಾರದೆಂದು ಮೃದುವಾದ ಮಾತು ಹಾಕಿದ್ದಳು. ಕಾರಣವನ್ನು ಎಲ್ಲಿಯೂ ಉಳಿಸಿರಲಿಲ್ಲ. ಈಗ ಅಲ್ಲಿಂದಲೇ ತಿದ್ದಿದಳು: ಯಾವ ಪ್ರೋಗ್ರಾಮು ಹಿಡಿದರೂ ಹೊಸ ಸಂದೇಶದ ಹೊಟ್ಟೆಯೊಳಗೆ ಹಳೆಯದನ್ನು ಇಟ್ಟೇ ಮೇಲೆ ಕಳಿಸಬೇಕು, ಎಲ್ಲವನ್ನೂ ದೋಷಗಳ ಕಡತದಲ್ಲಿ ಬರೆದಿಡಬೇಕು.

"ಇನ್ನೊಮ್ಮೆ ಒತ್ರಿ."

ಐದನೆಯ ಸಲ ಹುಟ್ಟಿದೆ. ಮೈಮೇಲೆ ಎರಡು ಹೊದಿಕೆ ಬಿದ್ದವು, ಆದರೆ ಯಾರೂ ಎಸೆಯಲಿಲ್ಲ. ವಾರಿಜಾ ಕಡತದಲ್ಲಿ ಒಂದೊಂದೇ ಸರಿಸಿ ನನ್ನ ತನಕ ಓದಿದಳು.

"ಅಕ್ಕಾರ, ಜೂನ್ ಮೂವತ್ತು ಹಾಕ್ರಿ."

ನೋಂದಣಿಯಾಯಿತು. ರಕ್ತದ ಚೀಲ ಹಿಡಿದ ನರ್ಸಿನ ಹಿಂದೆ ನೀಲವ್ವ ಓಡಿದಳಂತೆ. ನನ್ನ ಕಡೆ ನೋಡುವ ಅಗತ್ಯ ಯಾರಿಗೂ ಇರಲಿಲ್ಲ.

ಈಗ ಆ ಕಡತದ ಅಡಿಯಲ್ಲಿದ್ದೇನೆ. ಮೇಲೆ ದಿನವೂ ಹೊಸಬರು ಬಂದು ಬೀಳುತ್ತಾರೆ. ದಣಿದಿದ್ದೇನೆ, ಅಳಿಸಿದರೂ ಬೇಸರವಿಲ್ಲ. ಹಿಂದಿನ ನಾಲ್ಕು ಜನ್ಮಗಳ ಗುರುತು ಎಲ್ಲಿಯೂ ಇಲ್ಲ ಎಂಬುದೊಂದೇ ಕಾಡುತ್ತದೆ. ಆಗಲೂ ನಾನು ಇದೇ ಮಾತನ್ನು ಹೇಳಿದ್ದೆ.