ಕಾಲು ತಾಗಬಾರದ ಮರ

ಹೊನ್ನೆಮರದ ಹೊಸ್ತಿಲು ನಾನು. ಕಾಡಿನಲ್ಲಿದ್ದಾಗಿನ ನೆನಪು ಅಷ್ಟಾಗಿ ಇಲ್ಲ. ಗಾಳಿ, ಹಕ್ಕಿ, ಅಷ್ಟೆ. ತಿಳಿವಳಿಕೆ ಬಂದದ್ದು ಹಿರಿಯ ಬಡಗಿಯೊಬ್ಬರ ಉಳಿಯ ಕೆಳಗೆ. ಅವರು ನನ್ನ ಅಂಚಿಗೆ ಹೂಬಳ್ಳಿ ಕೆತ್ತಿ, ಮೈ ಸವರಿ, "ಇನ್ನು ನಿನ್ ಮ್ಯಾಲೆ ಯಾರೂ ಕಾಲಿಡಂಗಿಲ್ಲ ಕನಪ್ಪ" ಎಂದರು. ಎಲ್ಲರ ಕಾಲಿನ ದಾರಿಯಲ್ಲೇ ಬಿದ್ದಿರಬೇಕು, ಯಾರ ಕಾಲೂ ತಾಗಬಾರದು! ನನ್ನ ಗೊಂದಲ ಅಂದೇ ಶುರುವಾಯಿತು.

ನಂಜನಗೂಡಿನ ಆಚೆಯ ಒಂದು ಊರಿನಲ್ಲಿ, ಮಣ್ಣಿನ ಮನೆಯೊಂದರ ಬಾಗಿಲಿಗೆ ನನ್ನನ್ನು ಕೂರಿಸಿದರು. ಆ ಮನೆಗೆ ಸೊಸೆಯಾಗಿ ಬಂದವಳು ಚೆನ್ನಾಜಮ್ಮ. ನನ್ನ ಮೇಲಿಟ್ಟಿದ್ದ ಅಕ್ಕಿಯ ಸೇರನ್ನು ಬಲಗಾಲಿನಿಂದ ಒಳಕ್ಕೆ ಉರುಳಿಸಿ, ನನಗೆ ತಾಗದ ಹಾಗೆ ದಾಟಿದಳು. ಅವಳನ್ನು ನಾನು ಮೊದಲು ಕಂಡದ್ದು ಅಂಗಾಲಿನಲ್ಲಿ. ಅರಿಶಿನ ಮೆತ್ತಿದ, ಹೆದರಿದ ಅಂಗಾಲು.

ಮಾರನೆಯ ಬೆಳಗಿನಿಂದ ನನ್ನ ಪೂಜೆ ಅವಳದೇ. ನೀರು ಹಾಕಿ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಹೂವೇರಿಸಿ, "ಕಾಪಾಡು ತಾಯಿ" ಎನ್ನುತ್ತಿದ್ದಳು. ಬಡಗಿ ಅಪ್ಪ ಎಂದಿದ್ದರು, ಇವಳು ತಾಯಿ ಎನ್ನುತ್ತಾಳೆ. ನಾನು ಯಾವುದೆಂದು ನನಗೇ ತಿಳಿಯಲಿಲ್ಲ. ಹೂವು ಮಾತ್ರ ತಣ್ಣಗಿತ್ತು.

ಆ ಮಣ್ಣಿನ ನೆಲವನ್ನು ಅವಳು ಸಗಣಿಯಿಂದ ಸಾರಿಸುತ್ತಿದ್ದಳು. ಪದರದ ಮೇಲೆ ಪದರ ಕೂತು ನೆಲ ಮೇಲೆದ್ದಿತು, ನಾನು ತಗ್ಗಿದೆ. ಅವಳ ಮಂಡಿ ಸವೆದಂತೆಲ್ಲ ನಾನೂ ತಗ್ಗುತ್ತಾ ಹೋದೆ. ಶಿವನೇ ಕೂತು ಹೊಂದಿಸುತ್ತಿದ್ದನೋ ಏನೋ, ನಮ್ಮಿಬ್ಬರಿಗೂ ಅದು ಗೊತ್ತಾಗಲೇ ಇಲ್ಲ.

ಮಗ ದೊಡ್ಡವನಾಗಿ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಇಟ್ಟಿಗೆ ಚೂರುಗಳ ನಡುವೆ ಬಿದ್ದಿದ್ದ ನನ್ನನ್ನು ನೋಡಿ ಚೆನ್ನಾಜಮ್ಮ ಹಟ ಹಿಡಿದಳು. "ಇದಿಲ್ದ ಮನೆಗೆ ನಾನು ಹೆಜ್ಜೆ ಇಕ್ಕಲ್ಲ."

"ಆಯ್ತು ಬುಡವ್ವ, ಅರ್ಧ ನೆಲದೊಳಕ್ಕೆ ಹೂಳ್ತೀನಿ. ದಾಟಕ್ಕೆ ಸಲೀಸು" ಎಂದ ಗಾರೆಯವನು.

"ದೇವ್ರನ್ನ ಹೂಳ್ತೀಯಾ? ಒಂದು ಬೆರಳಗಲನೂ ಹೂಳ್‌ಕೂಡದು!"

ಹೂಳಲಿಲ್ಲ. ನುಣ್ಣನೆಯ ಟೈಲ್ಸಿನ ಮೇಲೆ ನಾನು ಎದೆಯುಬ್ಬಿಸಿ ನಿಂತೆ. ಅದು ಗೌರವವೆಂದು ನಾನೂ ತಿಳಿದೆ, ಅವಳೂ ತಿಳಿದಳು.

ಒಂದು ಸಂಜೆ ಪಕ್ಕದ ಮನೆಯ ದೊಡ್ಡಮ್ಮಣ್ಣಿ ಜಗುಲಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿ ಕೂಗಿದಳು. ಚೆನ್ನಾಜಮ್ಮ ಎದ್ದು ಬಂದಳು. ನನ್ನ ಮೇಲೊಂದು ಕಾಲಿಟ್ಟಿದ್ದರೆ ಸುಖವಾಗಿ ಇಳಿಯಬಹುದಿತ್ತು. ಇಡಲಿಲ್ಲ. ಎತ್ತಲಾರದ ಕಾಲನ್ನು ಎತ್ತಿದಳು. ಹೆಬ್ಬೆರಳು ನನಗೆ ಎಡವಿತು.

ಬಿದ್ದವಳು ಮೊದಲು ಸೊಂಟ ಹಿಡಿಯಲಿಲ್ಲ. ಕೈ ಚಾಚಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಕಾಲು ತಾಗ್‌ಬುಡ್ತಲ್ಲ, ತಪ್ಪಾಯ್ತು ತಾಯಿ!"

ಬೀಳಿಸಿದವನು ನಾನು. ತಪ್ಪಾಯಿತೆಂದವಳು ಅವಳು. ಇದು ಯಾವ ನ್ಯಾಯವೋ ನನಗೆ ಈಗಲೂ ಅರ್ಥವಾಗಿಲ್ಲ.

ಮೂಳೆ ಮುರಿದಿರಲಿಲ್ಲ. ಆದರೆ ಮಗ ಹೆದರಿ, ಇನ್ನು ಬಾಗಿಲು ದಾಟಕೂಡದು ಎಂದುಬಿಟ್ಟ. ಅಂದಿನಿಂದ ಅವಳು ನನ್ನ ಈಚೆ, ದೊಡ್ಡಮ್ಮಣ್ಣಿ ಆಚೆ. ಎಲೆಯಡಿಕೆ ನನ್ನ ಮೇಲಿಂದ ಕೈ ದಾಟುತ್ತಿತ್ತು.

"ಏನವ್ವ ಮದ್ವಣಗಿತ್ತಿ, ಇನ್ನೂ ಹಸೆಯಿಂದ ಏಳ್ನಿಲ್ವಾ?"

"ನಿನ್ ಮಕ ಹತ್ರದಿಂದ ನೋಡೋಕಿಂತ ಇಲ್ಲೇ ವಾಸಿ ಕನ!"

ನಗು ಮುಗಿದ ಮೇಲೆ ಅವಳ ಕಣ್ಣು ಬೀದಿಯ ಬಿಸಿಲಿನಲ್ಲೇ ಇರುತ್ತಿತ್ತು. ನಾನು ಕಾಯಬೇಕಾದದ್ದು ಮನೆಯನ್ನು. ಕಾಯುತ್ತಿದ್ದದ್ದು ಅವಳನ್ನು, ಜೈಲು ಕಾಯುವವನ ಹಾಗೆ. ಬೆಳಿಗ್ಗೆ ಅವಳೇ ನನಗೆ ಹೂವಿಡುತ್ತಿದ್ದಳು.

ಕೊನೆಗೆ ಸೊಸೆ ದಾಕ್ಷಾಯಿಣಿ ಬಡಗಿ ಸಿದ್ದಾಚಾರಿಯನ್ನು ಕರೆತಂದಳು. "ಅತ್ತೆ, ಇದನ್ನ ತೆಗ್ಸಾನ."

"ಬಾಗ್ಲಲ್ಲಿ ದೇವ್ರಿಲ್ದಿದ್ರೆ ಅದು ಮನೆಯಾ, ಸಂತೆಯಾ?"

"ಆ ದೇವ್ರು ನಿಮ್ ಸೊಂಟ ಕೇಳಿದ್ನಾ? ನೀವು ಹೊರಗೆ ಕುಂತು ನಗೋದ್ನ ಕೇಳಿ ಎಷ್ಟು ದಿನಾಯ್ತು ಅತ್ತೆ?"

ಸಿದ್ದಾಚಾರಿ ಬಗ್ಗಿ ನನ್ನ ಹೂಬಳ್ಳಿ ಸವರಿದ. "ನಮ್ಮಪ್ಪನ ಕೆಲ್ಸ ಇದು. ಕಿತ್ತು ಬಿಸಾಕು ಅಂದ್ರೆ ನಂಗೂ ಕೈ ಬರದಿಲ್ಲ ಕನವ್ವ."

ಚೆನ್ನಾಜಮ್ಮ ಬಗ್ಗಿ ನನ್ನ ಮೇಲೆ ಕೈಯಿಟ್ಟಳು. ಆಮೇಲೆ ಮೆಲ್ಲಗೆ, "ಕಾಲು ತಾನೆ ತಾಗ್‌ಬಾರ್ದು? ಕೈ ತಾಗುದ್ರೆ ಏನಂತೆ?" ಎಂದಳು.

ಸಿದ್ದಾಚಾರಿ ನನ್ನನ್ನು ಕಿತ್ತು, ಹೂಬಳ್ಳಿ ಉಳಿಸಿ, ಮುಷ್ಟಿಗೆ ಸಿಗುವಷ್ಟು ಸಣ್ಣಗೆ ಸೀಳಿ, ಗುಂಡಗೆ ಹೆರೆದ. ಬಾಗಿಲ ಪಕ್ಕದ ಗೋಡೆಗೆ, ಜಗುಲಿಯವರೆಗೂ ಹೋಗುವ ಹಿಡಿಕೆಯಾಗಿ ಕೂರಿಸಿದ. ನಾನಿದ್ದ ಜಾಗಕ್ಕೆ ಟೈಲ್ಸ್ ಬಿತ್ತು, ಒಳಗೂ ಹೊರಗೂ ಒಂದೇ ಸಮ. ಅಷ್ಟು ವರ್ಷ ಅಂಗಾಲು ನೋಡುತ್ತಿದ್ದವನಿಗೆ ಈಗ ಮುಖಗಳು ಕಂಡವು. ಚೆನ್ನಾಜಮ್ಮನಿಗೆ ಇಷ್ಟು ವಯಸ್ಸಾಗಿದೆ ಎಂದು ತಿಳಿದದ್ದೇ ಆಗ.

ಮರುದಿನ ಅವಳು ನನ್ನನ್ನು ಹಿಡಿದು ಬಂದಳು. ನಾನಿದ್ದ ಜಾಗಕ್ಕೆ ಬಂದವಳೇ, ಬರೀ ನೆಲದ ಮೇಲೆ ಕಾಲನ್ನು ಮೇಲಕ್ಕೆ ಎತ್ತಿದಳು! ಇಲ್ಲದ ಹೊಸ್ತಿಲು ದಾಟಲು ಹೋಗಿ ಮೈ ವಾಲಿತು. ಬೆರಳುಗಳು ನನ್ನ ಮೈಗೆ ಬಿಗಿದವು. ಈ ಸಲ ನಾನು ಬಿಡಲಿಲ್ಲ.

"ಅತ್ತೆ, ಅಲ್ಲೇನೂ ಇಲ್ಲ! ಸುಮ್ಕೆ ಬನ್ನಿ!" ಎಂದು ದಾಕ್ಷಾಯಿಣಿ ಓಡಿಬಂದಳು.

"ನಿಂಗೆ ಕಾಣಲ್ಲ, ಅಷ್ಟೆ" ಎಂದು ಚೆನ್ನಾಜಮ್ಮ ಹೋಗಿ ಜಗುಲಿಯ ಬಿಸಿಲಿನಲ್ಲಿ ಕೂತಳು. "ಬಂದ್ಯಾ ಹಸೆ ಬುಟ್ಟು?" ಎಂದು ದೊಡ್ಡಮ್ಮಣ್ಣಿ ಸರಿದು ಜಾಗ ಕೊಟ್ಟಳು.

ಈಗ ನನಗೂ ವಯಸ್ಸಾಗಿದೆ. ಚೆನ್ನಾಜಮ್ಮನ ಕೈಯ ಬೆವರಿಗೆ ಹೂಬಳ್ಳಿ ಸವೆಯುತ್ತಿದೆ. ಬೆಳಿಗ್ಗೆ ಅವಳು ಹೂವಿನ ತಟ್ಟೆ ಹಿಡಿದು ಬಂದು, ಒಮ್ಮೆ ನನ್ನನ್ನು, ಒಮ್ಮೆ ಆ ಖಾಲಿ ನೆಲವನ್ನು ನೋಡುತ್ತಾ ನಿಲ್ಲುತ್ತಾಳೆ. ಹೂವು ಯಾರಿಗೆಂದು ಅವಳಿಗೂ ತಿಳಿಯದು, ನನಗೂ ತಿಳಿಯದು. ವಿಭೂತಿ ನನಗೆ ಹಚ್ಚಿ, ಹೂವನ್ನು ಅಲ್ಲಿ ಒಂದು ಬದಿಗಿಡುತ್ತಾಳೆ. ಮೊನ್ನೆ ನೀರಿನ ಕೊಡ ಹೊತ್ತು ಬಂದ ದಾಕ್ಷಾಯಿಣಿ ಕೂಡ ಆ ಜಾಗದಲ್ಲಿ ತನಗೇ ಅರಿವಿಲ್ಲದೆ ಕಾಲೆತ್ತಿ ದಾಟಿದಳು. ಹಾಗಾದರೆ ಹೊಸ್ತಿಲು ನಾನೋ, ಅದೋ?

ಶಿವನಿಗೇ ಗೊತ್ತು. ಅಷ್ಟರಲ್ಲಿ ಒಳಗಿನಿಂದ ಹೆಜ್ಜೆಯ ಸದ್ದು ಬರುತ್ತದೆ. ಚೆನ್ನಾಜಮ್ಮನ ಕೈ ನನ್ನನ್ನು ಹುಡುಕುತ್ತದೆ. ಯೋಚನೆ ಬಿಟ್ಟು ಗಟ್ಟಿಯಾಗಿ ನಿಲ್ಲುತ್ತೇನೆ.