ಅಂಜನಪ್ಪ ಕಟ್ಟಿದ ಬೆಲೆ

ಹಂದನಕೆರೆಯ ಅಂಜನಪ್ಪನಿಗೆ ಬೆಲೆ ಕಟ್ಟುವುದೆಂದರೆ ಎಲೆಅಡಿಕೆ ಹಾಕಿಕೊಂಡಷ್ಟು ಸಲೀಸು. ಮೂವತ್ತೈದು ವರ್ಷದಿಂದ ಊರೂರು ತಿರುಗಿ, ಕಂಡವರ ಅಟ್ಟ ಹತ್ತಿ, ಅಲ್ಲಿ ಒಣಗಲು ಬಿಟ್ಟ ತೆಂಗಿನಕಾಯಿ ಕೊಂಡು, ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುತ್ತ ಬಂದ ಮನುಷ್ಯ. ರಾಶಿಯ ಮೇಲಿನ ಕಾಯಿಯನ್ನು ಅವನು ಮೂಸಿಯೂ ನೋಡುತ್ತಿರಲಿಲ್ಲ. ತಳಕ್ಕೆ ಕೈ ತೂರಿಸಿ ಒಂದನ್ನು ಎಳೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮುಖ ಸಿಂಡರಿಸಿ ಒಂದು ಬೆಲೆ ಹೇಳಿ ಅಟ್ಟ ಇಳಿದುಬಿಡುತ್ತಿದ್ದ. ಹೇಳಿದ ಮೇಲೆ ಎರಡು ಮೂರು ವಾರ ಆ ಬೀದಿಗೇ ತಲೆ ಹಾಕುತ್ತಿರಲಿಲ್ಲ. ಕಾಯಿಯವರೇ ಕಾದು ಕಾದು ಸುಸ್ತಾಗಿ ಹೇಳಿ ಕಳಿಸುತ್ತಿದ್ದರು. ಬೆಲೆ ಮಾತ್ರ ಅವನು ಹೇಳಿದ್ದೇ.

ಇಂಥವನು ತಿಪಟೂರಿನಲ್ಲಿ ಮನೆ ಕೊಳ್ಳಲು ಹೊರಟಿದ್ದು ಹೆಂಡತಿಗಾಗಿ. ಸಿದ್ದಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ತಿಪಟೂರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಮಾತ್ರ ಬಸ್ಸಿನ ಕುಲುಕಾಟಕ್ಕೆ ವಾಂತಿ, ತಲೆಸುತ್ತು, ಕಾಲಿನ ಮೀನಖಂಡ ಹಿಡಿದುಕೊಂಡು ಅಳು. ಆಸ್ಪತ್ರೆಯ ಮಗ್ಗುಲಲ್ಲೇ ಒಂದು ಸೂರು ಇದ್ದರೆ ಇನ್ನೂ ನಾಲ್ಕು ವರ್ಷ ದೂಡಬಹುದು ಎಂದು ಅಲ್ಲಿನ ನರ್ಸಮ್ಮ ಅಂದಿದ್ದಳು. ಅಂಜನಪ್ಪ ಆ ವಾರವೇ ರಸ್ತೆ ಪಕ್ಕದ ಒಂದೂವರೆ ಎಕರೆ ತೋಟ ಕೊಟ್ಟು ದುಡ್ಡು ಹೊಂದಿಸಿಕೊಂಡ. ಹೆಂಡತಿಯ ಮೇಲೆ ಅವನಿಗೆ ಪ್ರಾಣ. ಅದರಲ್ಲಿ ಯಾರೂ ಎರಡು ಮಾತಾಡುವ ಹಾಗಿಲ್ಲ.

ಬ್ರೋಕರ್ ಗಂಗರಾಜು ತೋರಿಸಿದ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಮೂವತ್ತು ವರ್ಷದ ಹಳೇ ಮನೆ. ಒಡೆಯ ಶ್ರೀನಿವಾಸ್ ತುರುವೇಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಹಳೇ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸಿ, ಹಾಲ್‌ನ ಚಾವಣಿಗೆ ಪಿಒಪಿ ಅಲಂಕಾರ ಮಾಡಿಸಿ, ಅಡುಗೆಮನೆಗೆ ಕೆಂಪು ಕಪಾಟು ಕೂರಿಸಿ, ಐವತ್ತೆರಡು ಲಕ್ಷ ಹೇಳುತ್ತಿದ್ದ.

ನೋಡಲು ಹೋಗುವ ದಿನ ಅಂಜನಪ್ಪ ಹೆಂಡತಿಗೆ ಒಂದೇ ಒಂದು ಬುದ್ಧಿ ಹೇಳಿದ. ಕಾಯಿಲೆಯ ಮಾತು ಎತ್ತಕೂಡದು. ಕೊಳ್ಳುವವನಿಗೆ ಅವಸರ ಇದೆ ಎಂದು ಗೊತ್ತಾದರೆ ಮಾರುವವನು ಒಂದು ರೂಪಾಯಿಯೂ ಇಳಿಯುವುದಿಲ್ಲ. ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ್ದ ಎಡಗೈ ನರ ಕಾಣದ ಹಾಗೆ ಸಿದ್ದಮ್ಮ ಸೆರಗನ್ನು ಮೈತುಂಬ ಹೊದ್ದು ಬಂದಳು.

ಮನೆಯನ್ನು ಅವನು ನೋಡಿದ ಪರಿಗೆ ಗಂಗರಾಜುವೇ ಬೆವೆತ. ಮೇಲಿನ ಹೊಳಪನ್ನು ಅಂಜನಪ್ಪ ಕಣ್ಣೆತ್ತಿ ನೋಡಲಿಲ್ಲ. ಬೆರಳ ಗೆಣ್ಣಿನಿಂದ ಟೈಲ್ಸ್ ಒಂದೊಂದನ್ನೂ ಕುಟ್ಟಿದ, ಹಾಲ್‌ನಲ್ಲೇ ಹನ್ನೊಂದು ಟೊಳ್ಳು ಸಿಕ್ಕವು. ಅಡುಗೆಮನೆಯಲ್ಲಿ ಬಗ್ಗಿ ಕಪಾಟಿನ ಹಿಂದಕ್ಕೆ ಕೈ ತೂರಿಸಿದ. ತಣ್ಣನೆಯ ಗೋಡೆ ಸುಣ್ಣದ ಪುಡಿಯಾಗಿ ಅಂಗೈಗೆ ಬಂತು. ತಾರಸಿ ಹತ್ತಿ, ಬಿರುಕಿಗೆ ಹೊಸದಾಗಿ ಮೆತ್ತಿದ ಸಿಮೆಂಟನ್ನು ಉಗುರಿನಿಂದ ಕೆರೆದ. ಆಮೇಲೆ ಬೀದಿಗೆ ಇಳಿದು ಇಸ್ತ್ರಿಯವನನ್ನು, ಟೀ ಅಂಗಡಿಯವನನ್ನು ಮಾತಿಗೆಳೆದ. ಹೋದ ವರ್ಷ ಇದೇ ಸಾಲಿನಲ್ಲಿ, ಇದೇ ಅಳತೆಯ, ರಿಪೇರಿ ಕಾಣದ ಮನೆ ಮೂವತ್ತಾರಕ್ಕೆ ಹೋಗಿತ್ತು. ಇಲ್ಲಿ ಮಾಡಿಸಿದ ಕೆಲಸಕ್ಕೆ ಆರು ಕೂಡಿಸಿದ, ಒಳಗಿನ ತೇವಕ್ಕೂ ತಾರಸಿಗೂ ಮೂರು ಕಳೆದ. ಮೂವತ್ತೊಂಬತ್ತು. ಬೆಂಗಳೂರಿನಿಂದ ಇಂಜಿನಿಯರನ್ನು ಕರೆಸಿದ್ದರೂ ಇದಕ್ಕಿಂತ ಸರಿಯಾಗಿ ಹೇಳುತ್ತಿರಲಿಲ್ಲ.

ಅಷ್ಟು ಹೊತ್ತು ಸಿದ್ದಮ್ಮ ಏನು ಮಾಡುತ್ತಿದ್ದಳು? ಗೋಡೆ ನೋಡಲಿಲ್ಲ, ಟೈಲ್ಸ್ ನೋಡಲಿಲ್ಲ. ಬಾಗಿಲಿನಿಂದ ಹೊರಟು, ಗೋಡೆ ಹಿಡಿದುಕೊಂಡು, ಆಸ್ಪತ್ರೆಯ ಗೇಟಿನವರೆಗೆ ನಡೆದು ಬಂದಿದ್ದಳು. ಹಿಂದಿರುಗುವ ಬಸ್ಸಿನಲ್ಲಿ ಅವಳ ಮುಖ ಮದುವೆಮನೆಗೆ ಹೊರಟವಳ ಹಾಗಿತ್ತು.

"ಇನ್ನೂರಾ ಹತ್ತು ಹೆಜ್ಜೆ ಕಣ್ರೀ. ಒಂದೇ ಸಲ ನಿಂತ್ಕಂಡೆ," ಅಂದಳು. "ಕೇಳಿದ್ದು ಕೊಟ್ಬುಡಿ."

ಅಂಜನಪ್ಪ ನಕ್ಕ. ಗೋಡೆ ತೇವ ಕುಡಿದಿರುವುದನ್ನು ವಿವರಿಸಿದ. ಗಂಗರಾಜುವಿಗೆ ಮೂವತ್ತೊಂಬತ್ತು ಅಂತ ಹೇಳಿಯಾಗಿತ್ತು. ಇನ್ನು ಹತ್ತು ದಿನಕ್ಕೆ ಆಷಾಢ. ಆ ತಿಂಗಳು ಯಾವನೂ ಮನೆ ಕೊಳ್ಳುವುದಿರಲಿ, ಮನೆಯ ಹೊಸ್ತಿಲನ್ನೂ ನೋಡಲು ಬರುವುದಿಲ್ಲ. ಖಾಲಿ ಮನೆ ಇಟ್ಟುಕೊಂಡು ಶ್ರೀನಿವಾಸ್ ತಾನಾಗಿಯೇ ಮೆತ್ತಗಾಗುತ್ತಾನೆ. ಶ್ರಾವಣಕ್ಕೆ ನಮ್ಮ ಬೆಲೆಗೇ ಬರುತ್ತಾನೆ. ಲೆಕ್ಕಾಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಮಗ ತಿಮ್ಮೇಶನಿಗೆ ಮಾತ್ರ ಇದು ಹಿಡಿಸಲಿಲ್ಲ. ಅಲ್ಲಿಯವರೆಗೆ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ರೂಮನ್ನಾದರೂ ಹಿಡಿಯೋಣ ಎಂದು ಗೋಗರೆದ. ಅಂಜನಪ್ಪ ಒಪ್ಪಲಿಲ್ಲ. ಆ ಬೀದಿಯಲ್ಲಿ ರೂಮು ಹಿಡಿದರೆ ಗಂಗರಾಜುವಿನ ಕಿವಿಗೆ ಬೀಳುತ್ತದೆ, ನಮ್ಮ ಗುಟ್ಟು ರಟ್ಟಾಗುತ್ತದೆ.

"ಅವ್ವ ಏನ್ ಅಟ್ಟದ್ ಮೇಲಿನ್ ಕಾಯೇನಪ್ಪಾ, ಕಾದಷ್ಟೂ ಒಳ್ಳೇದಾಗಕ್ಕೆ?" ಅಂದ ತಿಮ್ಮೇಶ. ಅಪ್ಪನಿಗೆ ಕೋಪ ಬಂತು. ಎರಡು ದಿನ ಮಗನ ಜೊತೆ ಮಾತು ಬಿಟ್ಟ.

ಆಷಾಢ ಬಂತು. ಗಾಳಿ, ಜಡಿಮಳೆ, ಸೋರುವ ಬಸ್ಸು. ಎರಡನೇ ವಾರ ಗಂಗರಾಜು ಫೋನು ಮಾಡಿ ನಲವತ್ತಾರು ಎಂದ. ಅಂಜನಪ್ಪ ಎತ್ತಿದಷ್ಟೇ ಬೇಗ ಫೋನು ಇಟ್ಟ. ಮೂರನೇ ವಾರ ನಲವತ್ತಮೂರಕ್ಕೆ ಇಳಿಯಿತು. ಹೇಳಿದ್ದು ಹೇಳಿದ ಹಾಗೇ ನಡೆಯುತ್ತಿದೆ ಎಂದು ಅವನಿಗೆ ಒಳಗೊಳಗೇ ಹಿಗ್ಗು. ಆ ವಾರವೇ ಸಿದ್ದಮ್ಮ ಡಯಾಲಿಸಿಸ್ ಮುಗಿಸಿ ಬರುವಾಗ ಬಸ್ಸಿನ ಮೆಟ್ಟಿಲಿನಿಂದ ಜಾರಿ ಕೂತುಬಿಟ್ಟಳು. ಬಿದ್ದದ್ದು ದೊಡ್ಡದಲ್ಲ. ಆದರೆ ಮುಂದಿನ ಸಲ ಹೋಗಲೊಪ್ಪಲಿಲ್ಲ. ಅದರ ಮುಂದಿನ ಸಲವೂ ಒಪ್ಪಲಿಲ್ಲ. ಬಸ್ಸೆಂದರೆ ನಡುಗುತ್ತಿದ್ದಳು. ಕಾರು ಮಾಡಿ ಬಲವಂತದಿಂದ ಕರೆದೊಯ್ಯುವಷ್ಟರಲ್ಲಿ ಮೈಯೆಲ್ಲ ಊದಿಕೊಂಡು ಎದೆಯಲ್ಲಿ ನೀರು ತುಂಬಿತ್ತು. ವಾರ್ಡಿಗೆ ಸೇರಿಸಿಕೊಂಡರು. ಹೃದಯ ಸೋತಿದೆ, ಡಯಾಲಿಸಿಸ್ಸನ್ನು ಇನ್ನು ಎಷ್ಟು ದಿನ ತಡೆದುಕೊಳ್ಳುತ್ತಾರೋ ಹೇಳಲಾರೆ ಎಂದು ಡಾಕ್ಟರು ಕಣ್ಣು ತಪ್ಪಿಸಿ ಹೇಳಿದರು.

ಶ್ರಾವಣದ ಮೂರನೇ ದಿನ ಗಂಗರಾಜುವಿನ ಫೋನು. ಮೂವತ್ತೊಂಬತ್ತಕ್ಕೆ ಒಪ್ಪಿದ್ದಾರೆ, ಶುಕ್ರವಾರವೇ ರಿಜಿಸ್ಟ್ರು ಇಟ್ಟುಕೊಳ್ಳೋಣ, ಅಡ್ವಾನ್ಸ್ ತನ್ನಿ. ಅಂಜನಪ್ಪ ವಾರ್ಡಿನಿಂದ ಎದ್ದು ಆ ಇನ್ನೂರಾ ಹತ್ತು ಹೆಜ್ಜೆ ನಡೆದ. ಮನೆಯ ಬಾಗಿಲಲ್ಲಿ ಶ್ರೀನಿವಾಸ್ ತಾನೇ ನಿಂತಿದ್ದ. ಜೇಬಿಗೆ ಕೈ ಹಾಕಿದ ಅಂಜನಪ್ಪನಿಗೆ ದುಡ್ಡು ತೆಗೆಯಲಾಗಲಿಲ್ಲ. ಹಾಕಿದ ಕೈ ಹಾಗೇ ಬಿಟ್ಟು ಆಸ್ಪತ್ರೆಯ ಕಡೆಗೆ ತಿರುಗಿ ನಿಂತ. ಯಾಕೆ ಯಜಮಾನ್ರೇ ಹುಷಾರಿಲ್ಲವಾ ಎಂದು ಶ್ರೀನಿವಾಸ್ ಕೇಳಿದ್ದೇ ತಡ, ಒಂದೂವರೆ ತಿಂಗಳಿನಿಂದ ಬಚ್ಚಿಟ್ಟದ್ದೆಲ್ಲ ಬಾಯಿಂದ ಬಂದುಬಿಟ್ಟಿತು.

ಶ್ರೀನಿವಾಸ್ ಅವನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದ.

"ಮೊದ್ಲೇ ಒಂದು ಮಾತು ಹೇಳೋದಲ್ವಾ ಯಜಮಾನ್ರೇ," ಅಂದ. "ಮನೆ ಖಾಲೀನೇ ಬಿದ್ದಿತ್ತಲ್ಲ. ಆಷಾಢ ಕಳೆಯೋ ತನಕ ಇದ್ಕೊಳ್ಳಿ ಅಂತ ಕೀ ಕೊಡ್ತಿದ್ದೆ. ರೇಟು ಆಮೇಲೆ ಮಾತಾಡ್ಕೋಬಹುದಿತ್ತು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೈದಿದ್ದರೆ, ಮೋಸ ಮಾಡಿದ್ದರೆ ಅಂಜನಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಮೂವತ್ತೈದು ವರ್ಷ ಸಾವಿರಾರು ಜನರನ್ನು ಅಳೆದು ನೋಡಿದವನಿಗೆ, ಎದುರಿಗಿದ್ದ ಈ ಮನುಷ್ಯನನ್ನು ಕೇಳಿದರೆ ಕೊಟ್ಟಾನು ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ಅಡ್ವಾನ್ಸ್ ಕೊಟ್ಟನೋ ಬಿಟ್ಟನೋ ಅವನಿಗೇ ನೆನಪಿಲ್ಲ. ಕೈಯಲ್ಲಿ ರಸೀದಿ ಇತ್ತು, ಕೊಟ್ಟಿರಬೇಕು.

ವಾರ್ಡಿನಲ್ಲಿ ಸಿದ್ದಮ್ಮ ದಿಂಬಿಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಷ್ಟಕ್ಕೆ ಆಯಿತು ಎಂದು ಅವಳೇ ಕೇಳಿದಳು.

"ಮೂವತ್ತೊಂಬತ್ತು," ಅಂದ ಅಂಜನಪ್ಪ.

"ಸರ್ಯಾಗೇ ಹೇಳಿದ್ರಿ ಬುಡಿ."

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಅವಳು ಗಂಡನನ್ನು ಹೊಗಳುತ್ತಿದ್ದಳು. ಶ್ರೀನಿವಾಸ್ ಹೇಳಿದ ಬೀಗದ ಕೈಯ ಮಾತನ್ನು ಅಂಜನಪ್ಪ ಎತ್ತಲಿಲ್ಲ. ಶುಕ್ರವಾರ ರಿಜಿಸ್ಟ್ರು, ಭಾನುವಾರವೇ ಹಾಲು ಉಕ್ಕಿಸಿ ಒಳಗೆ ಹೋಗೋಣ ಎಂದು ಏನೇನೋ ಶುರುಮಾಡಿದ.

ಸಿದ್ದಮ್ಮ ಊದಿದ ಕೈಯನ್ನು ಅವನ ಮೊಣಕಾಲಿನ ಮೇಲಿಟ್ಟಳು. "ನಂಗೆ ಆ ಮನೆ ಬ್ಯಾಡ. ಇನ್ನು ಈ ಸೂಜೀನೂ ಬ್ಯಾಡ. ಡಾಕ್ಟ್ರಿಗೂ ಹೇಳಿದೀನಿ. ನನ್ನ ಊರಿಗ್ ಕರ್ಕಂಡ್ ಹೋಗ್ಬುಡಿ. ಇನ್ನೊಂದೇ ಸಲ ತಾನೇ ಬಸ್ಸು, ತಡ್ಕಂತೀನಿ."

ಅಂಜನಪ್ಪ ಬಗ್ಗಿ, ಮಂಚದ ಕೆಳಗಿದ್ದ ಅವಳ ಚಪ್ಪಲಿ ತೆಗೆದು, ಊದಿದ ಪಾದಕ್ಕೆ ಹಾಕಲು ನೋಡಿದ. ಅವು ಕಾಲಿಗೆ ಏರಲಿಲ್ಲ.