ಪರಮಾಣುವಿನ ಥಂಡಿಗೆ ನೇಯ್ದ ಕಂಬಳಿ

ತಪ್ಪೆಲ್ಲ ಸಾತಪ್ಪನದೇ. ಪುಣೆಯ ಪ್ರಯೋಗಶಾಲೆಯಿಂದ ಮಗಳು ಕಾಜಲ್ ಫೋನು ಮಾಡಿ, "ಅಪ್ಪಾ, ನಾವಿಲ್ಲಿ ಪರಮಾಣುಗಳನ್ನ ಚುಕ್ಕಿಗಳ ನಡುವಿನ ಆಕಾಶಕ್ಕಿಂತ ಥಂಡಗ ಮಾಡ್ತೀವಿ" ಅಂದಿದ್ದಳು. ಆ ಪುಣ್ಯಾತ್ಮ ಅರ್ಧ ಕೇಳಿ ಅರ್ಧ ಬಿಟ್ಟು, ತನ್ನ ತಾಯಿ ಅಕ್ಕವ್ವನ ಮುಂದೆ, "ಯವ್ವಾ, ನಮ್ಮ ಹುಡುಗಿ ಹಿಮಾಲಯಕ್ಕಿಂತ ಥಂಡಿ ಇರೋ ಖೋಲ್ಯಾಗ ಕುಂದರ್ತಾಳಂತ" ಎಂದುಬಿಟ್ಟ. ಮುಗಿಯಿತು! ದರಿಬಡಚಿ ಊರಿನ ಮನೆಮನೆಗೂ ಸುದ್ದಿ ಮುಟ್ಟಿತು. ಅಕ್ಕವ್ವ ಆ ವರ್ಷ ಮರಿಗಳ ಕರಿ ಉಣ್ಣೆಯನ್ನು ಒಂದೆಳೆಯೂ ಮಾರಗೊಡಲಿಲ್ಲ. ತಾನೇ ನೂತಳು, ಬೀಗರಿಂದ ಕಂಬಳಿ ನೇಯಿಸಿದಳು, ನೇಯ್ಗೆ ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ತಾನೇ ಸವರಿದಳು.

ಸಂಕ್ರಾಂತಿಗೆ ಬಂದ ಮೊಮ್ಮಗಳ ತೊಡೆಯ ಮೇಲೆ ಈಗ ಆ ಕಂಬಳಿ ಬಿದ್ದಿತ್ತು. ಆದರೆ ಕಾಜಲ್‌ಳ ಪರಮಾಣುಗಳ ಥಂಡಿ ಇದ್ದದ್ದು ಗಾಜಿನ ಕೊಳವೆಯೊಳಗೆ, ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಮೋಡದಲ್ಲಿ. ಇದನ್ನು ಹೇಳಿದರೆ ಮುದುಕಿಯ ವರ್ಷದ ದುಡಿಮೆಯೆಲ್ಲ ನೀರಲ್ಲಿ ಹೋಮ. ಅಕ್ಕವ್ವನ ಹಿಂದೆ ನಿಂತ ಸಾತಪ್ಪ ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತಿದ್ದ.

"ಭಾಳ ಚಲೋ ಆಗೈತಿ, ಆಯಿ," ಎಂದಳು.

"ಚಲೋ ಇರ್ಲಿ. ಆ ಥಂಡಿಗೆ ಸಾಕಾಗ್ತೈತೇನ? ಇಲ್ಲಾಂದ್ರ ನಾಳಿಂದ ಇನ್ನೊಂದಕ್ಕ ನೂಲಾಕ ಕುಂದರ್ತೀನಿ."

ಅಷ್ಟಂದು ಅಕ್ಕವ್ವ ಕೆಮ್ಮಿದಳು. ಬೆರಳ ಗೆಣ್ಣುಗಳು ಬಾತಿದ್ದವು. ಸಂಜೆಯ ಚಳಿಯಲ್ಲಿ ಬರಿ ಸೀರೆಯಲ್ಲೇ ನಡುಗುತ್ತ ಕೂತಿದ್ದಳು. ಈ ಸಲ ಕೌದಿ ಕೊಟ್ಟರೂ "ಸೆಕಿ ಆಗ್ತೈತಿ" ಎಂದು ಒದೆಯುತ್ತಾಳಂತೆ. ಮೂಲೆಯಲ್ಲಿ ಅದು ಮಡಿಚಿದಂತೆಯೇ ಇತ್ತು. ಇನ್ನೊಂದು ಕಂಬಳಿ ನೂಲಲು ಈ ಕೈಗಳನ್ನು ಬಿಡುವುದು ಕಾಜಲ್‌ಳಿಂದ ಆಗಲಿಲ್ಲ.

"ಆಯಿ, ಹೊರಗ ಕುರಿ ಹಟ್ಟಿ ನೋಡು," ಎಂದಳು. "ನಮ್ಮ ಪರಮಾಣುಗಳೂ ನಿನ್ನ ಕುರಿಗತೆ ಓಡ್ಯಾಡ್ತಾವ. ಆ ಓಡ್ಯಾಟಾನ ಅವುಗಳ ಬಿಸಿ. ಗಾಜಿನ ಗ್ವಾಡಿ ಮುಟ್ಟಿದ್ರ ಮತ್ತ ಬಿಸಿ ಆಗ್ತಾವಂತ ಅಯಸ್ಕಾಂತದ ಹಟ್ಟಿ ಕಟ್ತೀವಿ, ಕಣ್ಣಿಗೆ ಕಾಣಂಗಿಲ್ಲ. ಆಮ್ಯಾಲ ಅದರ ಎತ್ತರ ಸಾವಕಾಶ ಇಳಸ್ತೀವಿ. ಭಾಳ ಜಿಗಿದಾಡೂವು ಹಾರಿ ಹೊರಗ ಹೋಗ್ತಾವ. ಉಳದವು ತಣ್ಣಗ ನಿಂದರ್ತಾವ."

"ಬಾಜೂ ಮನಿ ಮಾಳೂನ ಟಗರು ಹಟ್ಟಿ ಹಾರಿ ಹೋದ್ಮ್ಯಾಲ ನಮ್ಮ ಕುರಿ ನಿಂತಂಗ?"

"ಹೂಂ, ಹಂಗ. ಆದ್ರ ಥಂಡಿ ಅವಕ್ಕಷ್ಟ, ಆಯಿ. ನನಗಲ್ಲ. ನಾ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಕಂಪ್ಯೂಟರ್ ಮುಂದ ಕುಂತಿರ್ತೀನಿ."

ಸಾತಪ್ಪ ಹಣೆ ಬಡಿದುಕೊಂಡ. ಅಕ್ಕವ್ವ ಮೊಮ್ಮಗಳ ಕಡೆ ತಿರುಗಿದಳು.

"ನಿನಗ ಒಟ್ಟ ಥಂಡಿ ಹತ್ತೂದಿಲ್ಲ?"

"ಇಲ್ಲ."

"ಬೀರಪ್ಪನ ಆಣಿ?"

"ಬೀರಪ್ಪನ ಆಣಿ, ಆಯಿ."

ಅಕ್ಕವ್ವ ಮೊಮ್ಮಗಳ ಮುಖ ನೀವಿ ನೆಟಿಗೆ ಮುರಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಬದುಕಿದೆ ನನ್ನವ್ವ! ಕೂಸು ಅಲ್ಲಿ ಗಡಗಡ ನಡಗತಿರಬೇಕಾದ್ರ ನಾ ಇಲ್ಲಿ ಹ್ಯಾಂಗ ಬೆಚ್ಚಗ ಮಲಗಲಿ? ಕಂಬಳಿ ನಿನ್ನ ಮೈಮ್ಯಾಲ ಬೀಳೂ ತನಕ ನಾನೂ ಏನೂ ಹೊಚ್ಚಗೊಳ್ಳಂಗಿಲ್ಲಂತ ಬೀರಪ್ಪಗ ಹರಕಿ ಹೊತ್ತಿದ್ದೆ."

ಕಾಜಲ್ ಮೂಲೆಯ ಕೌದಿಯನ್ನು ನೋಡಿದಳು. ಸೆಕೆಯಂತೆ ಸೆಕೆ! ಇಡೀ ಚಳಿಗಾಲ ಈ ಮುದುಕಿ ಏನೂ ಹೊದೆಯದೆ ಮಲಗಿದ್ದಾಳೆ, ಒಂದು ಫೋನಿನ ಮಾತಿಗೆ. ಅವಳಿಗೆ ದುಃಖ ಉಕ್ಕಿ ಬಂತು. ಕಂಬಳಿ ಬಿಡಿಸಿ ಆಯಿಯನ್ನು ಗದ್ದದವರೆಗೂ ಸುತ್ತಿದಳು.

"ಏ ಹುಚ್ಚಿ, ಇದು ನಿಂದು!"

"ಅರ್ಧಾ ನಂದು, ಅರ್ಧಾ ನಿಂದು," ಎಂದು ತಾನೂ ಒಳಗೆ ತೂರಿಕೊಂಡಳು.

ಸ್ವಲ್ಪ ಹೊತ್ತಿಗೆ ಅಕ್ಕವ್ವನ ನಡುಕ ನಿಂತಿತು. "ಇದೆಂಥಾ ಸಾಲಿ ಕಲತಿ ಕೂಸ," ಎಂದಳು ಕಂಬಳಿಯೊಳಗಿನಿಂದ. "ಅವು ಕುಣ್ಯೂದು ಬಿಟ್ರ ಥಂಡ ಆಗ್ತಾವಂತ. ನಾ ನಡಗೂದು ಬಿಟ್ರ ಬೆಚ್ಚಗಾದೆ ನೋಡು."

ಕಾಜಲ್ ಆಯಿಯ ಹೆಗಲಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಸಾತಪ್ಪ ಹೋಗಿ, ಮೂಲೆಯ ಕೌದಿಯನ್ನೂ ತಂದು ಅವರಿಬ್ಬರ ಮೇಲೆ ಹೊದಿಸಿದ.